ಹೊಡೆದಿದ್ದು ಇಬ್ಬರು, ಜೈಲಿಗೆ ಹೋಗಿದ್ದು ಒಬ್ಬ

ಬ್ಲೈಂಡ್‌ಸ್ಪಾಟಿಂಗ್ ಸಿನಿಮಾ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಮನಸ್ಸಲ್ಲಿತ್ತು. 2018ರಲ್ಲಿ ಬಂದಿದ್ದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಊರಿನ ಕಥೆ. ಡವೀಡ್ ಡಿಗ್ಸ್, ರಫಾಯೆಲ್ ಕಸಾಲ್ ಅಂತ ಇಬ್ಬರು ಹಳೇ ಗೆಳೆಯರು, ಪಕ್ಕದ ಬರ್ಕ್ಲಿ ಹೈಸ್ಕೂಲಿನ ಕಾಲದಿಂದ ಪರಿಚಯ, ಇಬ್ಬರೂ ಸೇರಿ ಬರೆದು ಅವರೇ ಮುಖ್ಯ ಪಾತ್ರ ಮಾಡಿದ್ದಾರೆ. ಡೈರೆಕ್ಟರ್ ಕಾರ್ಲೋಸ್ ಲೋಪೆಜ್ ಎಸ್ಟ್ರಾಡಾ, ಅವರಿಗೆ ಇದು ಮೊದಲ ಫೀಚರ್ ಸಿನಿಮಾ. ಕಾಮಿಡಿ ಡ್ರಾಮಾ ಅಂತ ಲೇಬಲ್ ಹಚ್ಚಿದ್ದಾರೆ, ಅದೇನೂ ಸುಳ್ಳಲ್ಲ, ಶುರುವಿನಲ್ಲಿ ಜೋರಾಗಿ ನಗು ಬರುತ್ತೆ. ಆದ್ರೆ ಆ ನಗೂನ ಸಿನಿಮಾ ಏನು ಮಾಡುತ್ತೆ, ಅದರ ಬಿಲ್ ಯಾರ ಕೈಗೆ ಕೊಡುತ್ತೆ ಅನ್ನೋದೇ ನಾನು ಹೇಳಬೇಕಾಗಿರೋ ವಿಷಯ. ಕಥೆಯ ಕೊನೆವರೆಗೂ ಮಾತಾಡ್ತೀನಿ, ನೋಡದೇ ಇರೋರು ಮೊದಲು ಸಿನಿಮಾ ನೋಡಿ ಬನ್ನಿ.

ಕಾಲಿನ್ (ಡಿಗ್ಸ್) ಕಪ್ಪು ಹುಡುಗ, ಮೈಲ್ಸ್ (ಕಸಾಲ್) ಬಿಳಿ ಹುಡುಗ. ಇಬ್ಬರೂ ಅದೇ ಊರಲ್ಲಿ ಚಿಕ್ಕಂದಿನಿಂದ ಜೊತೆಗೆ ಬೆಳೆದವರು, ಒಂದೇ ಮೂವಿಂಗ್ ಕಂಪನೀಲಿ ಕೆಲಸ, ಅಂದ್ರೆ ಜನ ಮನೆ ಖಾಲಿ ಮಾಡುವಾಗ ಸಾಮಾನು ಹೊತ್ತು ಲಾರಿಗೆ ತುಂಬೋ ಕೆಲಸ. ಕಾಲಿನ್ ಒಂದು ಕೇಸಲ್ಲಿ ಜೈಲಿಗೆ ಹೋಗಿ ಬಂದು ಈಗ ಪ್ರೊಬೇಷನ್‌ನಲ್ಲಿದಾನೆ, ಅಂದ್ರೆ ಹೊರಗಿದ್ರೂ ಕೋರ್ಟಿನ ಷರತ್ತಿನ ಮೇಲೆ, ಒಂದು ವರ್ಷದ್ದು, ಇನ್ನು 3 ದಿನ ಬಾಕಿ. ರಾತ್ರಿ 11ರ ಒಳಗೆ ಅವನು ಹಾಫ್‌ವೇ ಹೌಸಿಗೆ, ಅಂದ್ರೆ ಜೈಲಿಂದ ಬಂದವರನ್ನ ಇಡೋ ಮನೆಗೆ, ವಾಪಸ್ ಬಂದಿರ್ಬೇಕು, ಯಾವ ಗಲಾಟೆಯಲ್ಲೂ ಸಿಕ್ಕಿಹಾಕ್ಕೋಬಾರ್ದು. ಈ 3 ದಿನ ತಲೆ ತಗ್ಗಿಸಿಕೊಂಡು ಕಳೆದ್ರೆ ಮುಗೀತು. ಮೈಲ್ಸ್‌ಗೆ ಆ ಥರದ್ದೊಂದೂ ಇಲ್ಲ. ಅವನು ಬಾಯಿಬಡುಕ, ಸಿಟ್ಟಿನವನು, ಸಿನಿಮಾ ಶುರುವಾಗೋ ಹೊತ್ತಿಗೆ ಗೆಳೆಯನ ಕಾರಲ್ಲಿ ಕೂತು ಒಂದು ಗನ್ ಖರೀದಿ ಮಾಡ್ತಾನೆ. ಆ ಕಾರ್ ತುಂಬಾ ಗನ್ನು, ಸೀಟಿನ ಸಂದಿಯಿಂದ ಒಂದು, ಇನ್ನೆಲ್ಲಿಂದಲೋ ಇನ್ನೊಂದು ಆಚೆ ಬರ್ತಾನೇ ಇರುತ್ತೆ, ಹಿಂದೆ ಕೂತಿರೋ ಕಾಲಿನ್ ನಾನು ಪ್ರೊಬೇಷನ್‌ನಲ್ಲಿದೀನಿ ಕಣ್ರೋ, ನನ್ನನ್ನ ಇಳಿಸಿ ಅಂತ ಗೋಗರೀತಾನೆ, ಅಷ್ಟರಲ್ಲಿ ಗೊತ್ತಾಗುತ್ತೆ ಆ ಕಾರು ಊಬರ್ ಓಡಿಸೋ ಕಾರು ಅಂತ. ಥಿಯೇಟರ್ ಪೂರ್ತಿ ನಗೋ ಅಂಥ ಸೀನು. ಆದ್ರೆ ಸುಮ್ನೆ ಕಾಲಿನ್ ಮುಖ ಒಂದನ್ನೇ ನೋಡಿ, ಅವನೊಬ್ಬ ನಗ್ತಿಲ್ಲ. ಆ ಕಾರನ್ನ ಯಾರಾದ್ರೂ ಪೊಲೀಸ್ ನಿಲ್ಲಿಸಿದ್ರೆ ಗನ್ ಕೊಂಡವನಿಗಿಂತ ಮೊದಲು ಮುಗಿದುಹೋಗೋದು ಅವನ ಜೀವನ.

ಪೂರ್ತಿ ಸಿನಿಮಾ ಇದೇ ಲೆಕ್ಕದ ಮೇಲೆ ನಿಂತಿದೆ. ಒಂದೇ ಬೀದಿ, ಒಂದೇ ಭಾಷೆ, ಒಂದೇ ಥರದ ಜೋಕು, ಆದ್ರೆ ಮೈಲ್ಸ್ ಮಾಡಿದ ಪ್ರತಿ ಕಿತಾಪತಿಯ ಬೆಲೆ ಕಾಲಿನ್ ಹೆಸರಲ್ಲಿ ಬರೀತಾ ಹೋಗುತ್ತೆ.

ಮೊದಲನೇ ರಾತ್ರಿನೇ ಆಗುತ್ತೆ ಅದು. ಕರ್ಫ್ಯೂ ಟೈಮ್ ಆಗಿಹೋಗಿದೆ, ಲಾರಿ ಓಡಿಸ್ಕೊಂಡು ಅವಸರದಲ್ಲಿ ಹೋಗ್ತಾ ಕಾಲಿನ್ ಸಿಗ್ನಲ್‌ನಲ್ಲಿ ನಿಂತಿರ್ತಾನೆ, ಒಬ್ಬ ಕಪ್ಪು ಮನುಷ್ಯ ಓಡಿ ಬರ್ತಾನೆ, ಹಿಂದೆ ಪೊಲೀಸ್, ಓಡ್ತಿರೋನ ಮೇಲೆ ಕಾಲಿನ್ ಕಣ್ಣೆದುರೇ ಗುಂಡು ಹಾರಿಸ್ತಾನೆ. ಪೊಲೀಸ್ ಮತ್ತು ಕಾಲಿನ್ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡ್ತಾರೆ. ಅಷ್ಟೇ, ಬೇರೆ ಪೊಲೀಸರು ಬಂದು ಲಾರಿ ಮುಂದಕ್ಕೆ ಕಳಿಸ್ತಾರೆ. ಕಾಲಿನ್ ಕಣ್ಣಾರೆ ನೋಡಿದ ಸಾಕ್ಷಿ, ಆದ್ರೆ ಬಾಯಿ ಬಿಟ್ರೆ ಮೊದಲ ಪ್ರಶ್ನೆ ಆ ಹೊತ್ತಲ್ಲಿ ನೀನು ಬೀದೀಲಿ ಏನು ಮಾಡ್ತಿದ್ದೆ ಅಂತ. ಯಾರೂ ಅವನನ್ನ ಬೆದರಿಸಲ್ಲ, ಫೋನ್ ಮಾಡಿ ಧಮಕಿ ಹಾಕಲ್ಲ, ರೂಲ್ಸೇ ಅವನ ಬಾಯಿ ಮುಚ್ಚಿಸುತ್ತೆ. ಸಾಮಾನ್ಯ ಥ್ರಿಲ್ಲರ್ ಆಗಿದ್ರೆ ಇಲ್ಲಿಂದ ತನಿಖೆ, ಚೇಸಿಂಗ್ ಅಂತ ಶುರು ಮಾಡ್ತಿತ್ತು. ಇಲ್ಲಿ ಮಾರನೇ ದಿನ ಬೆಳಗ್ಗೆ ಅವನು ಎದ್ದು ಕೆಲಸಕ್ಕೆ ಹೋಗ್ತಾನೆ, ಸೋಫಾ ಹೊರ್ತಾನೆ, ಮೈಲ್ಸ್ ಜೋಕ್ ಮಾಡ್ತಾನೆ. ನಮಗೆ ನಗು ಬರುತ್ತೆ, ಆದ್ರೆ ಆ ಓಡ್ತಿದ್ದ ಮನುಷ್ಯ ತಲೆಯಿಂದ ಹೋಗಲ್ಲ.

ಈ ಕಥೆ ಬೇರೆ ಯಾವ ಊರಲ್ಲಾದ್ರೂ ಇಡಬಹುದಿತ್ತು ಅಂತ ಅಂದ್ಕೋಬೇಡಿ. ಇದು ಓಕ್‌ಲ್ಯಾಂಡಿನದೇ ಆಗಿರ್ಬೇಕಿತ್ತು. 2009ರ ಜನವರಿ 1, ಹೊಸ ವರ್ಷದ ರಾತ್ರಿ, ಬಾರ್ಟ್ ಅನ್ನೋ ಅಲ್ಲಿನ ಲೋಕಲ್ ಟ್ರೈನಿನ ಫ್ರೂಟ್‌ವೇಲ್ ಸ್ಟೇಷನ್ ಪ್ಲಾಟ್‌ಫಾರ್ಮಿನಲ್ಲಿ ಆಸ್ಕರ್ ಗ್ರಾಂಟ್ ಅನ್ನೋ 22 ವರ್ಷದ ಹುಡುಗನ್ನ ಬೋರಲು ಮಲಗಿಸಿ ಹಿಡ್ಕೊಂಡಿರುವಾಗ ಬಾರ್ಟ್ ಪೊಲೀಸ್ ಒಬ್ಬ ಬೆನ್ನಿಗೆ ಗುಂಡು ಹೊಡೆದ. ಟ್ರೈನಲ್ಲಿದ್ದ ಪ್ರಯಾಣಿಕರು ಫೋನಿನಲ್ಲಿ ವಿಡಿಯೋ ಮಾಡಿದ್ರು, ಆಗಿನ್ನೂ ಫೋನ್ ವಿಡಿಯೋ ಅನ್ನೋದು ಇಷ್ಟು ಸಲೀಸಾಗಿರ್ಲಿಲ್ಲ, ಅಷ್ಟಾದ್ರೂ ಊರಿಗೆ ಊರೇ ನೋಡ್ತು. ಕರೆಂಟ್ ಶಾಕ್ ಕೊಡೋ ಟೇಸರ್ ಅನ್ಕೊಂಡು ಗನ್ ತೆಗೆದೆ ಅಂತ ಆ ಪೊಲೀಸ್ ಕೋರ್ಟಲ್ಲಿ ಹೇಳಿದ, 2010ರಲ್ಲಿ ಉದ್ದೇಶವಿಲ್ಲದ ಹತ್ಯೆ ಅಂತ ತೀರ್ಪಾಗಿ 2 ವರ್ಷ ಶಿಕ್ಷೆ ಆಯ್ತು. ಡಿಗ್ಸ್ ಮತ್ತು ಕಸಾಲ್ ಈ ಸ್ಕ್ರಿಪ್ಟ್ ಬರೆಯೋಕೆ ಕೈ ಹಾಕಿದ್ದು ಹೆಚ್ಚುಕಮ್ಮಿ ಆ ಕಾಲದಲ್ಲೇ, ತೆರೆಗೆ ಬರೋ ಹೊತ್ತಿಗೆ ಒಂದು ದಶಕ ಹತ್ರ ಆಗಿತ್ತು. ಅಷ್ಟು ವರ್ಷ ಆದ್ಮೇಲೂ ಕಥೆ ಹಳೇದಾಗಿರ್ಲಿಲ್ಲ ಅನ್ನೋದು ಬೇಜಾರಿನ ಸಂಗತಿ.

ಇನ್ನೊಂದು ಕಡೆ ಆ ಒಂದು ದಶಕದಲ್ಲಿ ಊರೇ ಕಾಲ ಕೆಳಗಿಂದ ಜಾರಿಹೋಗ್ತಿತ್ತು. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಜೆಂಟ್ರಿಫಿಕೇಶನ್, ಅಂದ್ರೆ ದುಡ್ಡಿದ್ದೋರು ಬಂದು ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾಗಿ ಬರೋದು, ಅಂದ ತಕ್ಷಣ ಎಲ್ರೂ ಕಾಫಿ ಶಾಪು, ಗಡ್ಡ ಬಿಟ್ಟ ಹುಡುಗರು, ಸೈಕಲ್ಲು ಇಷ್ಟರಲ್ಲೇ ಮುಗಿಸಿಬಿಡ್ತಾರೆ. ಓಕ್‌ಲ್ಯಾಂಡ್ ಅಂದ್ರೆ ಪೂರ್ವದಿಂದ ಬರ್ತಿದ್ದ ರೈಲಿನ ಕೊನೇ ನಿಲ್ದಾಣ ಆಗಿದ್ದ ಊರು, ಪುಲ್‌ಮನ್ ಸ್ಲೀಪರ್ ಬೋಗಿಗಳಲ್ಲಿ ಪೋರ್ಟರ್ ಕೆಲಸ ಮಾಡ್ತಿದ್ದ ಕಪ್ಪು ಗಂಡಸರು ವೆಸ್ಟ್ ಓಕ್‌ಲ್ಯಾಂಡ್‌ನಲ್ಲಿ ಮನೆ ಮಾಡಿದ್ರು, ಅವರ ಯೂನಿಯನ್ ದೇಶದಲ್ಲೇ ಹೆಸರು ಮಾಡಿದ ಕಪ್ಪು ಕಾರ್ಮಿಕರ ಯೂನಿಯನ್. ಎರಡನೇ ಮಹಾಯುದ್ಧದಲ್ಲಿ ಹಡಗು ಕಟ್ಟೋ ಯಾರ್ಡ್‌ಗಳಿಗೆ ಲೂಸಿಯಾನ, ಟೆಕ್ಸಾಸ್ ಕಡೆಯಿಂದ ಸಾವಿರಾರು ಕುಟುಂಬ ಬಂದ್ವು. ಸೆವೆಂತ್ ಸ್ಟ್ರೀಟ್ ಅನ್ನೋ ರಸ್ತೆ ತುಂಬಾ ಬ್ಲೂಸ್ ಕ್ಲಬ್ಬು, ಬಾರ್ಬರ್ ಶಾಪು, ಊಟದ ಹೋಟ್ಲು. ಆದ್ರೆ 1930ರ ದಶಕದಲ್ಲೇ ಸರ್ಕಾರಿ ಸಾಲದ ನಕ್ಷೆಗಳಲ್ಲಿ ಇಂಥ ಏರಿಯಾಗಳಿಗೆ ಕೆಂಪು ಬಣ್ಣ ಬಳಿದಿದ್ರು, ಕೆಂಪು ಅಂದ್ರೆ ಇಲ್ಲಿ ಮನೆ ಸಾಲ ಕೊಡೋದು ಅಪಾಯ ಅಂತ, ಹಾಗಾಗಿ ದುಡಿದ ದುಡ್ಡು ಮನೆಯಾಗಿ ಬೆಳೆಯೋ ದಾರಿ ಬಹಳ ಜನಕ್ಕೆ ಮುಚ್ಚಿಹೋಯ್ತು. ಆಮೇಲೆ 1950ರ ದಶಕದಲ್ಲಿ ಸೈಪ್ರೆಸ್ ಫ್ರೀವೇ ಅಂತ ಎರಡಂತಸ್ತಿನ ಹೆದ್ದಾರಿ ಆ ಏರಿಯಾ ಮಧ್ಯಕ್ಕೇ ಸೀಳಿಕೊಂಡು ಹೋಯ್ತು, ಆಮೇಲೆ ಅಂಚೆ ಇಲಾಖೆಯ ದೊಡ್ಡ ಕಟ್ಟಡಕ್ಕೆ ಅಂತ ಬ್ಲಾಕ್‌ಗಟ್ಟಲೆ ಮನೆ ಕೆಡವಿದ್ರು, ಆಮೇಲೆ ಸೆವೆಂತ್ ಸ್ಟ್ರೀಟಿನ ತಲೆ ಮೇಲೇ ಬಾರ್ಟ್ ಟ್ರೈನಿನ ಹಳಿ ಬಂತು. ಆ ಫ್ರೀವೇ 1989ರ ಲೋಮಾ ಪ್ರೀಟಾ ಭೂಕಂಪದಲ್ಲಿ ಕುಸಿದು 42 ಜನ ಸತ್ರು, ಆಮೇಲೆ ಜನ ಹೋರಾಡಿ ಹೊಸ ರಸ್ತೆಯನ್ನ ಏರಿಯಾದ ಅಂಚಿಗೆ ತಳ್ಳಿಸಿದ್ರು. ಹಳೇ ಫ್ರೀವೇ ಇದ್ದ ಜಾಗ ಈಗ ಮಂಡೇಲಾ ಪಾರ್ಕ್‌ವೇ, ಗಿಡ ಮರ ಇರೋ ಚೆಂದದ ರಸ್ತೆ. ಆದ್ರೆ ರಸ್ತೆ ಚೆಂದ ಆದ್ಮೇಲೆ ಅಲ್ಲಿನ ಬಾಡಿಗೆನೂ ಏರ್ತಾ ಹೋಯ್ತು.

ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿದ್ದೂ ಇಲ್ಲೇ, 1966ರಲ್ಲಿ. 1980ರ ಜನಗಣತಿ ಹೊತ್ತಿಗೆ ಊರಲ್ಲಿ ಕಪ್ಪು ಜನ ಸುಮಾರು 47%, ಅಂದ್ರೆ ಹತ್ತತ್ರ ಅರ್ಧ. 2020ಕ್ಕೆ ಸುಮಾರು 22%. ನಲವತ್ತು ವರ್ಷದಲ್ಲಿ ಅರ್ಧಕ್ಕಿಂತ ಕಮ್ಮಿ. ಇದಕ್ಕೆ ಒಂದೇ ಕಾರಣ ಇಲ್ಲ. ಕೆಲಸ ಹೋಗಿದ್ದು, ಸ್ವಂತ ಇಷ್ಟದಿಂದ ದೂರದ ಊರಲ್ಲಿ ದೊಡ್ಡ ಮನೆ ಮಾಡ್ಕೊಂಡಿದ್ದು ಎಲ್ಲಾ ಇದೆ. 2008ರ ಹೊತ್ತಿಗೆ ಮನೆ ಸಾಲದ ಬಿಕ್ಕಟ್ಟು ಬಂದಾಗ ಕೆಟ್ಟ ಷರತ್ತಿನ ಸಾಲ ತಗೊಂಡಿದ್ದ ಕುಟುಂಬಗಳ ಮನೆ ಬ್ಯಾಂಕ್ ಪಾಲಾಗಿ, ದುಡ್ಡಿದ್ದ ಹೂಡಿಕೆದಾರರು ಅವನ್ನ ಒಟ್ಟೊಟ್ಟಿಗೆ ಕೊಂಡ್ರು. ಅದರ ಮೇಲೆ ಕಾಸ್ಟಾ ಹಾಕಿನ್ಸ್ ಅಂತ 1995ರ ಒಂದು ರಾಜ್ಯ ಕಾನೂನು ಇದೆ, ಸ್ವಲ್ಪ ಗಮನ ಇಟ್ಟು ಓದಿ. ಓಕ್‌ಲ್ಯಾಂಡ್‌ನಲ್ಲಿ ಹಳೇ ಕಟ್ಟಡಗಳಿಗೆ ಬಾಡಿಗೆ ನಿಯಂತ್ರಣ ಇದೆ, ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಏರಿಸೋ ಹಾಗಿಲ್ಲ. ಆದ್ರೆ ಬಾಡಿಗೆದಾರ ತಾನಾಗೇ ಬಿಟ್ಟು ಹೋದ್ರೆ ಮುಂದಿನವರಿಗೆ ಮಾರ್ಕೆಟ್ ರೇಟ್ ಎಷ್ಟಿದ್ರೂ ಹಾಕಬಹುದು ಅಂತ ಆ ಕಾನೂನು ಹೇಳುತ್ತೆ. ಇದರಿಂದ ಏನಾಗುತ್ತೆ ಅಂದ್ರೆ, 20 ವರ್ಷದಿಂದ ಇರೋ ಬಾಡಿಗೆದಾರ ಓನರ್‌ಗೆ ಭಾರ, ಅವನು ಹೊರಟ್ರೆ ಲಾಭ. ರಿಪೇರಿ ಮಾಡಿಸ್ದೇ ಸತಾಯಿಸೋದು, ಒಂದಿಷ್ಟು ದುಡ್ಡು ಕೈಲಿಟ್ಟು ಖಾಲಿ ಮಾಡಿ ಅನ್ನೋದು, ಇವೆಲ್ಲಾ ಶುರುವಾಗೋದು ಇಲ್ಲಿಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆಕ್ ದುಡ್ಡು ಉಕ್ಕಿ ಅಲ್ಲಿ ಬಾಡಿಗೆ ಕೊಡೋಕಾಗ್ದೇ ಇದ್ದೋರು ಕೊಲ್ಲಿ ದಾಟಿ ಈ ಕಡೆ ಬಂದ್ರು, 2015ರಲ್ಲಿ ಊಬರ್ ಕಂಪನಿ ಓಕ್‌ಲ್ಯಾಂಡ್ ಮಧ್ಯದಲ್ಲಿದ್ದ ಹಳೇ ಸಿಯರ್ಸ್ ಕಟ್ಟಡ ಕೊಂಡುಕೊಂಡಾಗ ಊರಿನ ಜನಕ್ಕೆ ಆದ ದಿಗಿಲು ಅಷ್ಟಿಷ್ಟಲ್ಲ, 2017ರಲ್ಲಿ ಕಂಪನಿ ಅಲ್ಲಿಗೆ ಬರ್ದೇನೇ ಅದನ್ನ ಮಾರ್ತು. ಸಿನಿಮಾದ ಶುರುವಿನಲ್ಲೇ ಊಬರ್ ಕಾರ್ ಇರೋದು ಇದನ್ನ ಬಲ್ಲವರಿಗೆ ಬೇರೆ ಥರ ಕೇಳಿಸುತ್ತೆ.

ಸಿನಿಮಾದಲ್ಲಿ ಇದ್ಯಾವುದನ್ನೂ ಯಾರೂ ಲೆಕ್ಚರ್ ಕೊಡಲ್ಲ. ಮೂಲೆ ಅಂಗಡೀಲಿ 10 ಡಾಲರ್‌ಗೆ ಹಸಿರು ಜ್ಯೂಸ್ ಬಂದಿರುತ್ತೆ, ಕಾಲಿನ್ ಅದನ್ನ ಕೊಂಡು ಕುಡೀತಾನೆ, ಯಾಕಂದ್ರೆ ಅವನ ಹಳೇ ಹುಡುಗಿ ವ್ಯಾಲ್‌ಗೆ ತಾನು ಬದಲಾಗಿದೀನಿ ಅಂತ ತೋರಿಸ್ಬೇಕು. ಮೈಲ್ಸ್‌ಗೆ ಅದು ಉರಿ. ಕ್ವಿಕ್ ವೇ ಅಂತ ಅಲ್ಲಿನ ಹಳೇ ಬರ್ಗರ್ ಜಾಗ, ಅಲ್ಲಿ ಬರ್ಗರ್ ಆರ್ಡರ್ ಕೊಟ್ರೆ ಕೇಳದೇನೇ ವೀಗನ್ ಬರುತ್ತೆ, ಮಾಂಸದ್ದು ಬೇಕಾದ್ರೆ ಹೇಳಿ ತಗೋಬೇಕು. ಮೈಲ್ಸ್ ಇದಕ್ಕೆ ಆಡೋ ರಂಪ ನೋಡಿ ನಗ್ತೀವಿ. ಆದ್ರೆ ಅವನ ಸಂಕಟ ನಿಜವಾದದ್ದು, ತನ್ನ ಊರಲ್ಲಿ ತನಗೆ ಬೇಕಾದ್ದನ್ನ ಈಗ ಬಿಡಿಸಿ ಕೇಳಬೇಕಾಗಿ ಬಂದಿದೆ. ಇಬ್ಬರ ಕೆಲಸವೂ ಇದಕ್ಕೆ ತಕ್ಕ ಹಾಗಿದೆ, ಹಳಬರ ಸಾಮಾನು ಲಾರಿಗೆ ಹಾಕೋದು, ಆ ಖಾಲಿ ಮನೆಗೆ ಬರೋರು ಯಾರು ಅಂತ ಅವರಿಗೂ ಗೊತ್ತು ನಮಗೂ ಗೊತ್ತು. ಊರು ಬದಲಾಗೋದಕ್ಕೆ ಕೈ ಜೋಡಿಸಿ ಅದರ ಸಂಬಳದಲ್ಲೇ ಬದುಕ್ತಿದಾರೆ. ಈ ಕೆಲಸ ಆರಿಸಿದ್ದು ಬರಹಗಾರರ ಬುದ್ಧಿವಂತಿಕೆ, ನನಗೆ ಇದು ತುಂಬಾ ಇಷ್ಟ ಆಯ್ತು.

ಈಗ ಆ ಕೇಸಿನ ಕಥೆಗೆ ಬರ್ತೀನಿ, ಯಾಕಂದ್ರೆ ಸಿನಿಮಾದ ಎದೆ ಅಲ್ಲೇ ಇದೆ. ಕಾಲಿನ್ ಜೈಲಿಗೆ ಯಾಕೆ ಹೋದ ಅಂತ ಬಹಳ ಹೊತ್ತು ಹೇಳಲ್ಲ. ಆಮೇಲೆ ಆ ರಾತ್ರಿ ಅಲ್ಲಿದ್ದ ಒಬ್ಬ ಸಿಗ್ತಾನೆ, ಅವನು ಆ ಜಗಳದ ಕಥೆಯನ್ನ ಕೈಬಾಯಿ ತಿರುಗಿಸಿ ಭಾರೀ ಮಜವಾಗಿ ಹೇಳ್ತಾನೆ. ಕಾಲಿನ್ ಆಗ ಒಂದು ಬಾರಿನ ಬಾಗಿಲಲ್ಲಿ ಬೌನ್ಸರ್, ಒಬ್ಬ ಗಿರಾಕಿ ಬೆಂಕಿ ಉರೀತಿರೋ ಡ್ರಿಂಕ್ ಹಿಡ್ಕೊಂಡು ಹೊರಗೆ ಬರ್ತಾನೆ, ಕಾಲಿನ್ ಬೇಡ ಅಂತಾನೆ, ಮಾತಿಗೆ ಮಾತು ಬೆಳೆಯುತ್ತೆ, ಹೊಡೆದಾಟ ಆಗುತ್ತೆ, ಬೆಂಕಿ ಆ ಮನುಷ್ಯನ ಮೈಗೇ ಹತ್ತುತ್ತೆ, ಮೈಲ್ಸ್ ಓಡಿ ಬಂದು ಅವನೂ ಸೇರಿ ಚಚ್ಚುತಾನೆ. ತೆರೆ ಮೇಲೆ ಇದನ್ನ ತೋರಿಸಿರೋ ರೀತಿ ಅಪ್ಪಟ ಕಾಮಿಡಿ, ವೇಗ, ಡೈಲಾಗು ಎಲ್ಲಾ. ನಗ್ತೀವಿ, ನಗಲೇಬೇಕು ಹಾಗೆ ಕಟ್ಟಿದ್ದಾರೆ. ಆದ್ರೆ ಹೊಡೆತ ಕೊನೆಗೊಳ್ಳಲ್ಲ. ನಗು ನಿಲ್ಲೋ ಜಾಗ ದಾಟಿ ಹೊಡೆತ ಮುಂದಕ್ಕೆ ಹೋಗುತ್ತೆ, ಆಗ ಇದು ತಮಾಷೆ ಅಲ್ಲ ಅನ್ನೋದು ಹೊಟ್ಟೆಗೆ ತಾಕುತ್ತೆ. ಹೊಡೆದವರು ಇಬ್ಬರು. ಜೈಲಿಗೆ ಹೋದವನು ಕಾಲಿನ್. ಮೈಲ್ಸ್‌ಗೆ ಅದು ಪಾರ್ಟೀಲಿ ಹೇಳೋ ಕಥೆ, ಕಾಲಿನ್‌ಗೆ ಜೀವನ ಪೂರ್ತಿ ಪ್ರತಿ ಅರ್ಜಿಯಲ್ಲೂ ಬರೀಬೇಕಾದ ಅಪರಾಧ.

ಇಲ್ಲಿ ನನಗೆ ಬೇರೆ ಒಂದು ವಿಷಯ ಕಾಡ್ತು, ಇದರ ಬಗ್ಗೆ ಬೇರೆ ಎಲ್ಲೂ ಓದಿದ ನೆನಪಿಲ್ಲ. ಆ ಕಥೆ ಹೇಳೋ ಪಾತ್ರ ಮಾಡಿರೋದು ಉತ್ಕರ್ಷ್ ಅಂಬುಡ್ಕರ್. ವ್ಯಾಲ್ ಪಾತ್ರ ಮಾಡಿರೋದು ಜನೀನಾ ಗಾವಣ್‌ಕರ್. ಇಬ್ಬರೂ ಭಾರತೀಯ ಮೂಲದವರು. ನಮ್ಮವರು ಅಂತ ಮೊದಲು ಖುಷಿನೇ ಆಗುತ್ತೆ. ಆಮೇಲೆ ಅವರು ಈ ಕಥೆಯಲ್ಲಿ ಎಲ್ಲಿ ನಿಂತಿದಾರೆ ಅಂತ ನೋಡಿ. ಒಬ್ಬ ದೂರದಲ್ಲಿ ನಿಂತು ನೋಡಿ ಅದನ್ನ ಒಳ್ಳೇ ಕಥೆ ಮಾಡ್ಕೊಂಡವನು, ಅವನಿಗೆ ಏನೂ ಆಗಿಲ್ಲ. ಇನ್ನೊಬ್ಬಳು ಕಾಲಿನ್‌ನ ಪ್ರೀತಿಸಿದವಳು, ಸೈಕಾಲಜಿ ಓದ್ತಿರೋಳು, ಬದುಕಲ್ಲಿ ಮೇಲೆ ಬರೋ ಹಠ ಇರೋಳು, ಅವಳೂ ಅವನ ಮುಖ ನೋಡಿದ ಕೂಡಲೇ ಮೊದಲು ಆ ರಾತ್ರಿಯ ಹೊಡೆದಾಟವನ್ನೇ ನೋಡ್ತಾಳೆ. ಬರಹಗಾರರು ಇದನ್ನ ಬೇಕಂತಲೇ ಮಾಡಿದ್ರಾ ಅನ್ನೋದು ನನಗೆ ಮುಖ್ಯ ಅಲ್ಲ, ತೆರೆ ಮೇಲೆ ಹಾಗೆ ಕಾಣುತ್ತೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಕೆಲಸಕ್ಕೆ ಹೋಗಿರೋ ನಮ್ಮ ಎಷ್ಟು ಜನಕ್ಕೆ ಓಕ್‌ಲ್ಯಾಂಡ್ ಅಂದ್ರೆ ಬಾರ್ಟ್ ಕಿಟಕೀಲಿ ಹಾದುಹೋಗೋ ಊರು ಅಷ್ಟೇ. ಫ್ರೀಮಾಂಟ್ ಕಡೆಯಿಂದ ಬರೋ ಟ್ರೈನ್ ಫ್ರೂಟ್‌ವೇಲ್ ಸ್ಟೇಷನ್‌ನಲ್ಲೇ ನಿಂತು ಬರುತ್ತೆ. ಅಲ್ಲಿ ಇಳೀಬೇಡ, ರಾತ್ರಿ ಹೊತ್ತು ಆ ಕಡೆ ಹೋಗ್ಬೇಡ ಅಂತ ಹೊಸದಾಗಿ ಬಂದವರಿಗೆ ಮೊದಲ ವಾರವೇ ಬುದ್ಧಿ ಹೇಳೋರು ನಮ್ಮಲ್ಲಿ ಬೇಕಾದಷ್ಟು. ಕಪ್ಪು ಬಿಳಿ ಜಗಳ ಅವರದ್ದು ನಮಗ್ಯಾಕೆ ಅನ್ನೋ ಮಾತೂ ಕೇಳಿರ್ತೀರಿ. ಈ ಸಿನಿಮಾದಲ್ಲಿ ಆ ಮಾತಿಗೆ ಜಾಗ ಇಲ್ಲ. ಬಾಡಿಗೆ ಕೊಡೋ ಕೈ ಯಾವ ಬಣ್ಣದ್ದಾದ್ರೂ ಬಾಡಿಗೆ ಏರುತ್ತೆ, ಪಕ್ಕದ ಮನೆಯವನ್ನ ನೋಡಿ ಪೊಲೀಸ್‌ಗೆ ಫೋನ್ ಮಾಡೋ ಕೈಯೂ ಅಷ್ಟೇ.

ಫೋನ್ ಅಂದ್ನಲ್ಲಾ, ಅದೂ ಒಂದು ಇದೆ. 2018ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಈ ಸಿನಿಮಾದ ಮೊದಲ ಪ್ರದರ್ಶನ, ಜುಲೈನಲ್ಲಿ ಥಿಯೇಟರ್‌ಗೆ ಬಂತು. ಮಧ್ಯೆ ಏಪ್ರಿಲ್‌ನಲ್ಲಿ ಓಕ್‌ಲ್ಯಾಂಡಿನ ಲೇಕ್ ಮೆರಿಟ್ ದಂಡೆ ಮೇಲೆ ಕಪ್ಪು ಜನ ಇದ್ದಿಲಿನ ಒಲೆ ಹಚ್ಚಿ ಬಾರ್ಬೆಕ್ಯೂ ಮಾಡ್ತಿದ್ರು ಅಂತ ಒಬ್ಬ ಬಿಳಿ ಹೆಂಗಸು ಪೊಲೀಸ್‌ಗೆ ಫೋನ್ ಮಾಡಿದ್ರು, ಆ ಜಾಗದಲ್ಲಿ ಇದ್ದಿಲು ಬಳಸೋ ಹಾಗಿಲ್ಲ ಅಂತ. ವಿಡಿಯೋ ದೇಶ ಪೂರ್ತಿ ಓಡಾಡ್ತು. ಮುಂದಿನ ತಿಂಗಳು ಊರಿನ ಕಪ್ಪು ಜನ ಅದೇ ಕೆರೆ ದಂಡೆ ಮೇಲೆ ದೊಡ್ಡದಾಗಿ ಸೇರಿ ಒಲೆ ಹಚ್ಚಿ ಊಟ ಮಾಡಿ ಕುಣಿದ್ರು. ಅದಕ್ಕೂ ಮೊದಲು, 2015ರಲ್ಲಿ, ವೆಸ್ಟ್ ಓಕ್‌ಲ್ಯಾಂಡಿನ ಹಳೇ ಕಪ್ಪು ಚರ್ಚ್ ಒಂದಕ್ಕೆ ಹಾಡಿನ ಸದ್ದು ಜಾಸ್ತಿ, ದಂಡ ಹಾಕ್ತೀವಿ ಅಂತ ನಗರಸಭೆಯಿಂದ ನೋಟಿಸ್ ಹೋಗಿತ್ತು, ಅಕ್ಕಪಕ್ಕದವರ ದೂರಿನ ಮೇಲೆ. ದಶಕಗಳಿಂದ ಹಾಡ್ತಿದ್ದ ಕಾಯಿರ್ ಅದು. ಹೊಸಬರು ಬಂದಾಗ ಬಾಡಿಗೆ ಜೊತೆ ಇದೂ ಬರುತ್ತೆ, ಯಾವ ಸದ್ದು ಸರಿ, ಯಾರು ಎಲ್ಲಿ ಕೂತ್ಕೋಬಹುದು ಅನ್ನೋ ಅಳತೆನೇ ಬದಲಾಗುತ್ತೆ, ಆ ಅಳತೆಗೆ ಹೊಂದದೇ ಇರೋನು ಹುಟ್ಟಿದ ಊರಲ್ಲೇ ಅನುಮಾನಾಸ್ಪದ ವ್ಯಕ್ತಿ. ಕಾಲಿನ್ ಆ 3 ದಿನ ಬೀದೀಲಿ ನಡೆಯುವಾಗ ಪೊಲೀಸ್ ಕಾರಿನ ಲೈಟ್ ಮೈ ಮೇಲೆ ಬಿದ್ದಾಗಲೆಲ್ಲಾ ಉಸಿರು ಹಿಡ್ಕೊಳ್ಳೋದು ಇದಕ್ಕೇ. ಜೆಂಟ್ರಿಫಿಕೇಶನ್ ಬೇರೆ, ಪೊಲೀಸ್ ಗುಂಡು ಬೇರೆ ಅಂತ ಎರಡು ಕಥೆ ಮಾಡ್ದೇ ಎರಡನ್ನೂ ಒಂದೇ ಮೈಯಲ್ಲಿ ಇಟ್ಟಿದಾರೆ ಈ ಸಿನಿಮಾದಲ್ಲಿ, ಆ ಮೈ ಡಿಗ್ಸ್‌ದು. ಏನು ನಟನೆ ಅಂತೀರಿ, ಭುಜ, ಕತ್ತು, ನಡಿಗೆ ಎಲ್ಲಾ ಹೆದರಿದೆ, ಬಾಯಿ ಮಾತ್ರ ತಮಾಷೆ ಮಾಡ್ತಿದೆ.

ಮೈಲ್ಸ್ ಬಗ್ಗೆ ನ್ಯಾಯವಾಗಿ ಹೇಳ್ಬೇಕು. ಅವನನ್ನ ವಿಲನ್ ಮಾಡಿಬಿಡೋದು ಸುಲಭ ಇತ್ತು, ಮಾಡಿಲ್ಲ. ಅವನು ಬಿಳಿಯ, ಆದ್ರೆ ಅವನಿಗೆ ಗೊತ್ತಿರೋ ಊರು ಕಪ್ಪು ಓಕ್‌ಲ್ಯಾಂಡೇ, ಹಲ್ಲಿಗೆ ಚಿನ್ನದ ಗ್ರಿಲ್ಸ್, ಮಾತಿನ ಧಾಟಿ, ಹೆಂಡತಿ ಸಮಾನಳಾದ ಆಶ್ಲಿ ಕಪ್ಪು, ಪುಟ್ಟ ಮಗ ಶಾನ್. ಒಂದು ಪಾರ್ಟಿ ಸೀನು ಇದೆ, ಹೊಸದಾಗಿ ಬಂದ ಟೆಕ್ ಜನದ ಮನೆ, ಅಲ್ಲಿ ಒಬ್ಬ ಕಪ್ಪು ಅತಿಥಿ ಇವನ ಮಾತು ನಡಿಗೆ ನೋಡಿ ಇವನೂ ಹೊರಗಿಂದ ಬಂದು ಕಪ್ಪು ಹುಡುಗರ ಥರ ನಟನೆ ಮಾಡ್ತಿರೋ ಬಿಳಿ ಹುಡುಗ ಅಂತ ತಿಳ್ಕೊಂಡು, ಹಾಗೆ ಆಡೋ ಅಗತ್ಯ ಇಲ್ಲಪ್ಪಾ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಮೈಲ್ಸ್‌ಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಹೊಸ ಬಿಳಿಯರು ಬಂದಿದ್ರಿಂದ ಹಳೇ ಬಿಳಿಯನಾದ ಅವನ ಗುರುತೇ ಅಳಿಸಿಹೋಗಿದೆ, ಅವನನ್ನೂ ಅವರ ಲೆಕ್ಕಕ್ಕೆ ಹಾಕ್ತಿದಾರೆ. ಆ ನೋವು ನನಗೆ ಅರ್ಥ ಆಯ್ತು. ಆದ್ರೆ ಅವನು ಆ ನೋವನ್ನ ಏನು ಮಾಡ್ತಾನೆ ಅಂದ್ರೆ ಆ ಕಪ್ಪು ಮನುಷ್ಯನ್ನ ರಕ್ತ ಬರೋ ಹಾಗೆ ಹೊಡೀತಾನೆ, ಗನ್ ತೆಗೆದು ಗಾಳೀಲಿ ಗುಂಡು ಹಾರಿಸ್ತಾನೆ. ಆ ಗನ್ನನ್ನ ಕಿತ್ತುಕೊಂಡು ಓಡಬೇಕಾಗಿ ಬರೋದು ಕಾಲಿನ್‌ಗೆ. ರಾತ್ರಿ ಹೊತ್ತು, ಪ್ರೊಬೇಷನ್‌ನ ಕೊನೇ ಗಂಟೆಗಳು, ಕಪ್ಪು ಹುಡುಗ, ಕೈಲಿ ಗನ್.

ಅದಾದ ಮೇಲೆ ಇಬ್ಬರ ಮಧ್ಯೆ ನಡೆಯೋ ಜಗಳ ಸಿನಿಮಾದ ಅತ್ಯಂತ ಒಳ್ಳೇ ಸೀನು ಅನ್ನೋದು ನನ್ನ ಅಭಿಪ್ರಾಯ. ಕಪ್ಪು ಜನರನ್ನ ಕೀಳಾಗಿ ಕರೆಯೋ ಆ ಪದ, ಅವರು ತಮ್ಮತಮ್ಮಲ್ಲಿ ಗೆಳೆಯನೇ ಅನ್ನೋ ಹಾಗೆ ಬಳಸ್ತಾರಲ್ಲ ಅದು, ಆ ಪದದಲ್ಲಿ ನನ್ನನ್ನ ಕರಿ ನೋಡೋಣ ಅಂತ ಕಾಲಿನ್ ಸವಾಲು ಹಾಕ್ತಾನೆ. ಇಷ್ಟು ವರ್ಷ ಕಪ್ಪು ಹುಡುಗರ ಮಧ್ಯೆ ಬೆಳೆದ ಮೈಲ್ಸ್ ಬಾಯಿಂದ ಅದು ಬರಲ್ಲ. ಬರಬಾರ್ದು ಅಂತ ಅವನಿಗೂ ಗೊತ್ತು. ಕಾಲಿನ್ ಸಿಟ್ಟು ಏನು ಅಂದ್ರೆ, ಆ ಪದದಿಂದ ಲೋಕ ಯಾವ ಥರದ ಪುಂಡನ್ನ ಕಲ್ಪಿಸ್ಕೊಳ್ಳುತ್ತೋ ಆ ಥರ ನಿಜವಾಗಿ ಬದುಕ್ತಿರೋನು ನೀನು, ಆದ್ರೆ ಅದಕ್ಕೆ ಗುಂಡು ತಿನ್ನೋನು ನಾನು. ಸ್ನೇಹ ಮುರಿದುಹೋಗೋ ಹಂತಕ್ಕೆ ಬಂದು ನಿಲ್ಲುತ್ತೆ, ಎಷ್ಟೋ ವರ್ಷ ಆಡದೇ ಉಳಿದಿದ್ದ ಮಾತು ಒಂದೇ ಉಸಿರಲ್ಲಿ ಆಚೆ ಬರುತ್ತೆ. ಸಿನಿಮಾದಲ್ಲಿ ಮನೋವಿಜ್ಞಾನದ ಒಂದು ಚಿತ್ರ ಬರುತ್ತೆ, ಹೂದಾನಿ ಅಂತ ನೋಡಿದ್ರೆ ಹೂದಾನಿ, ಎದುರುಬದುರು ಎರಡು ಮುಖ ಅಂತ ನೋಡಿದ್ರೆ ಎರಡು ಮುಖ, ಎರಡೂ ಒಟ್ಟಿಗೆ ಕಾಣಲ್ಲ. ವ್ಯಾಲ್ ಪರೀಕ್ಷೆಗೆ ಓದೋ ನೆಪದಲ್ಲಿ ಅದನ್ನ ತರ್ತಾರೆ. ಅದು ಸ್ವಲ್ಪ ಪಾಠದ ಥರ ಅನ್ಸಿತ್ತು ನನಗೆ, ಈ ಜಗಳದ ಸೀನು ಇರುವಾಗ ಅದರ ಅವಶ್ಯಕತೆನೇ ಇರ್ಲಿಲ್ಲ.

ಕ್ಲೈಮ್ಯಾಕ್ಸ್ ಬಗ್ಗೆ ಜನ ಎರಡು ಪಾಲಾಗಿದಾರೆ. ಒಂದು ಮನೆಯ ಸಾಮಾನು ಸಾಗಿಸೋಕೆ ಅಂತ ಹೋದ್ರೆ ಅದು ಗುಂಡು ಹೊಡೆದ ಅದೇ ಪೊಲೀಸ್‌ನ ಮನೆ. ಕಾಕತಾಳೀಯ ಜಾಸ್ತಿ ಆಯ್ತು, ಒಪ್ತೀನಿ. ಗ್ಯಾರೇಜಿನಲ್ಲಿ ಕಾಲಿನ್ ಗನ್ ಎತ್ತಿ ಅವನಿಗೆ ಗುರಿ ಇಟ್ಟು ನಿಂತು, ಮಾತಾಡೋ ಬದಲು ರ‍್ಯಾಪ್ ಶುರು ಮಾಡ್ತಾನೆ. ಇದು ನಾಟಕೀಯ, ನಂಬೋಕಾಗಲ್ಲ ಅಂತ ಎಷ್ಟೋ ಜನ ಬರೆದಿದಾರೆ. ನನಗೆ ಹಾಗನ್ನಿಸ್ಲಿಲ್ಲ. ಶುರುವಿನಿಂದ ಇವರಿಬ್ಬರೂ ಪ್ರಾಸ ಕಟ್ತಾನೇ ಇದಾರೆ ನೋಡಿ, ಬೀದೀಲಿ ನಡೀತಾ ತಮಾಷೆಗೆ, ಒಂದು ಸಲೂನಿಗೆ ನುಗ್ಗಿ ಕೂದಲು ಸುರುಳಿ ಮಾಡೋ ಹಳೇ ಮಷೀನ್ ಮಾರೋಕೆ ಮೈಲ್ಸ್ ಬಿಡೋ ಡೈಲಾಗು ಪೂರ್ತಿ ಪ್ರಾಸವೇ. ಅಲ್ಲೆಲ್ಲಾ ಅದು ನಗಿಸೋಕೆ, ವ್ಯಾಪಾರಕ್ಕೆ, ಗೆಳೆತನಕ್ಕೆ ಬಳಕೆಯಾಗಿತ್ತು. ಅದೇ ನಾಲಿಗೆ ಕೊನೇಲಿ ನಗು ಕಳಚಿಟ್ಟು ಬಂದಿದೆ. ಸಾಕ್ಷಿ ಹೇಳೋಕೆ ಕೋರ್ಟಲ್ಲಿ ಜಾಗ ಸಿಗದವನು ತನಗೆ ಗೊತ್ತಿರೋ ಒಂದೇ ರೀತೀಲಿ ಸಾಕ್ಷಿ ಹೇಳ್ತಾನೆ. ಡಿಗ್ಸ್ ರ‍್ಯಾಪರ್, 2016ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಟೋನಿ ಪ್ರಶಸ್ತಿ ಗೆದ್ದೋರು, ಆ ನಾಲಿಗೆಯ ವೇಗ ಅವರಿಗಿದೆ. ಆದ್ರೆ ಆ ಸೀನಿನಲ್ಲಿ ವೇಗಕ್ಕಿಂತ ಗಂಟಲು ಕಟ್ಟೋದೇ ಕೇಳಿಸುತ್ತೆ. ಅವನು ಗುಂಡು ಹಾರಿಸಲ್ಲ. ತಾನು ಕೊಲೆಗಾರ ಅಲ್ಲ ಅನ್ನೋದನ್ನ ಕೊಲೆ ಮಾಡಿದವನ ಮುಂದೆ ನಿಂತು ಸಾಬೀತು ಮಾಡಬೇಕಾಗಿ ಬಂದಿದೆ ಅವನಿಗೆ.

ಕೊರತೆ ಇಲ್ಲ ಅಂತಲ್ಲ. ಹೊಸದಾಗಿ ಬಂದ ಜನ ಇಲ್ಲಿ ಬರೀ ಕಾರ್ಟೂನು, ಜ್ಯೂಸ್ ಕುಡಿಯೋರು, ಪಾರ್ಟಿ ಮಾಡೋರು. ಅವರನ್ನ ನೋಡಿ ನಗೋದು ಸುಲಭ, ಆದ್ರೆ ಮನೆ ಓನರ್, ಬ್ಯಾಂಕು, ಆ 1995ರ ಕಾನೂನು, ಇವು ತೆರೆ ಮೇಲೆ ಬರೋದೇ ಇಲ್ಲ. ಊರನ್ನ ನಿಜವಾಗಿ ಖಾಲಿ ಮಾಡಿಸಿದ್ದು ಜ್ಯೂಸ್ ಅಲ್ಲವಲ್ಲ. ಆಶ್ಲಿಗೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಮನೇಲಿಟ್ಟ ಗನ್ ಪುಟ್ಟ ಮಗನ ಕೈಗೆ ಸಿಕ್ಕಿದಾಗ ಆಶ್ಲಿ ಪಾತ್ರ ಮಾಡಿರೋ ಜಾಸ್ಮಿನ್ ಸೆಫಸ್ ಜೋನ್ಸ್ ಕೊಡೋ ಆ ಒಂದು ನಿಮಿಷದ ಭಯ, ಸಿಟ್ಟು ನೋಡಿದ್ರೆ ಇವರಿಗೆ ಇನ್ನೂ ನಾಲ್ಕು ಸೀನು ಕೊಡಬಾರ್ದಿತ್ತಾ ಅನ್ಸುತ್ತೆ.

ಅದು ಮುಂದೆ ಸಿಕ್ತು. 2021ರಲ್ಲಿ ಸ್ಟಾರ್ಜ್ ಚಾನೆಲ್‌ನಲ್ಲಿ ಇದೇ ಹೆಸರಲ್ಲಿ ಸೀರೀಸ್ ಬಂತು, ಎರಡು ಸೀಸನ್ ಆಗಿ 2023ರಲ್ಲಿ ಮುಗೀತು, ಅದರ ಮುಖ್ಯ ಪಾತ್ರ ಆಶ್ಲಿ. ಮೈಲ್ಸ್ ಅರೆಸ್ಟ್ ಆಗಿ ಜೈಲಿಗೆ ಹೋಗ್ತಾನೆ, ಅವಳು ಮಗನ್ನ ಕರ್ಕೊಂಡು ಅತ್ತೆ ಸಮಾನಳಾದ ಮೈಲ್ಸ್ ತಾಯಿ ಮನೆ ಸೇರ್ತಾಳೆ, ಆ ತಾಯಿ ಪಾತ್ರ ಹೆಲನ್ ಹಂಟ್ ಮಾಡಿದಾರೆ. ಹೊರಗೆ ಉಳಿದ ಕುಟುಂಬ ಹೇಗೆ ದಿನ ದೂಡುತ್ತೆ ಅನ್ನೋದನ್ನ ಅಲ್ಲಲ್ಲಿ ಕುಣಿತ, ಕವನ ಎಲ್ಲಾ ಸೇರಿಸಿ ಹೇಳಿದಾರೆ, ಎಷ್ಟೋ ಕಡೆ ಸಿನಿಮಾಗಿಂತ ಧೈರ್ಯವಾಗಿದೆ. ಆದ್ರೂ ಒಂದು ವಿಷಯದಲ್ಲಿ ನನಗೆ ಸಿನಿಮಾನೇ ಮೇಲು. ಸೀರೀಸ್‌ನಲ್ಲಿ ಮೈಲ್ಸ್ ಶಿಕ್ಷೆ ಅನುಭವಿಸ್ತಾನೆ, ನೋಡೋರಿಗೆ ಒಂದು ಥರ ಲೆಕ್ಕ ಸರಿಹೋದ ಹಾಗೆ ಆಗುತ್ತೆ. ಸಿನಿಮಾ ಮಾತ್ರ ಆ ಲೆಕ್ಕ ಸರಿ ಮಾಡಲ್ಲ. ಮೈಲ್ಸ್‌ಗೆ ಏನೂ ಆಗಲ್ಲ, ಪೊಲೀಸ್‌ಗೂ ಏನೂ ಆಗಲ್ಲ, ಕಾಲಿನ್ ವಾಪಸ್ ಬಂದು ಅದೇ ಲಾರಿ ಹತ್ತುತಾನೆ, ಪಕ್ಕದ ಸೀಟಲ್ಲಿ ಮೈಲ್ಸ್ ಕೂತಿರ್ತಾನೆ, ಇಬ್ಬರಿಗೂ ಮುಂದಿನ ಕೆಲಸಕ್ಕೆ ಹೋಗ್ಬೇಕು.